ಐವತ್ತು ಪೆನ್ಸ್ ಟಿಕೆಟಿನ ಸಂಜೆ

ಮ್ಯಾಂಚೆಸ್ಟರ್ ನಗರದ ರಾಕ್ ಸಂಗೀತದ ಚರಿತ್ರೆ ಬರೆಯುವವರು 1976ರ ಜೂನ್ 4ರ ಸಂಜೆ ಅಲ್ಲಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ನಡೆದ ಕಾರ್ಯಕ್ರಮವನ್ನು ದಾಟಿ ಮುಂದೆ ಹೋಗುವಂತಿಲ್ಲ. ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಅಂದು ಏನು ನುಡಿಸಿತೆಂಬುದನ್ನು ಈ ಚರಿತ್ರೆಗಳು ವಿಸ್ತಾರವಾಗಿ ಹೇಳುತ್ತವೆ; ಆದರೆ ಆ ಸಂಜೆಯ ಫಲವನ್ನು ಅರಿಯಬೇಕಾದರೆ ವೇದಿಕೆಗಿಂತ ಸಂಘಟಕರ ಓಡಾಟವನ್ನೇ ಹೆಚ್ಚು ಗಮನಿಸಬೇಕಾಗುತ್ತದೆ.

ಬೋಲ್ಟನ್ ಪಟ್ಟಣದ ತಾಂತ್ರಿಕ ಸಂಸ್ಥೆಯಲ್ಲಿ ಓದುತ್ತಿದ್ದ ಹೊವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ, ಆ ವರ್ಷದ ಫೆಬ್ರವರಿಯಲ್ಲಿ ಸಂಗೀತ ವಾರಪತ್ರಿಕೆಯೊಂದರ ವಿಮರ್ಶೆ ಓದಿ, ದಕ್ಷಿಣಕ್ಕೆ ಪ್ರಯಾಣಿಸಿ ಪಿಸ್ಟಲ್ಸ್ ತಂಡವನ್ನು ಕಣ್ಣಾರೆ ಕಂಡು ಬಂದಿದ್ದರು. ಕೆಲವೇ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ಹಿಡಿದು ವೇಗವಾಗಿ, ಒರಟಾಗಿ ಹಾಡು ಮುಗಿಸುವ, ನುಡಿಸಾಣಿಕೆಯ ಜಾಣ್ಮೆಗಿಂತ ಆವೇಶಕ್ಕೆ ಬೆಲೆ ಕೊಡುವ ಈ ಬಗೆಗೆ ಮುಂದೆ ಪಂಕ್ ಎಂಬ ಹೆಸರು ನೆಲೆಯಾಯಿತು. ತಮ್ಮ ಕಾಲೇಜಿನಲ್ಲಿ ಅವಕಾಶ ದೊರೆಯದಿದ್ದಾಗ ಈ ಇಬ್ಬರು ಮ್ಯಾಂಚೆಸ್ಟರಿನ ಆ ಸಣ್ಣ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ತಂಡದ ವ್ಯವಸ್ಥಾಪಕ ಮ್ಯಾಲ್ಕಮ್ ಮೆಕ್‌ಲಾರೆನ್‌ನನ್ನು ಒಪ್ಪಿಸಿ, ಐವತ್ತು ಪೆನ್ಸ್ ಟಿಕೆಟು ಮಾರಲು ಹೊರಟರು. ಮುಖ್ಯ ತಂಡಕ್ಕೂ ಮೊದಲು ನುಡಿಸಬೇಕಿದ್ದುದು ಅವರದೇ ಬಜ್‌ಕಾಕ್ಸ್. ಬ್ಯಾಸ್ ಗಿಟಾರಿಗೂ ಡ್ರಮ್ಮಿಗೂ ಜನ ಸಿಗದೆ ತಂಡವೇ ಅಣಿಯಾಗಿರಲಿಲ್ಲವಾದ್ದರಿಂದ, ಪಂಕ್‌ನೊಂದಿಗೆ ಯಾವ ನಂಟೂ ಇಲ್ಲದ ಸಾಲ್‌ಸ್ಟಿಸ್ ಎಂಬ ಸ್ಥಳೀಯ ತಂಡವನ್ನು ಆ ಜಾಗಕ್ಕೆ ತರಬೇಕಾಯಿತು.

ಬಂದವರು ನಲವತ್ತರ ಆಸುಪಾಸು. ಬೇರೆ ಯಾರಿಗೋ ಕಾಯುತ್ತ ಹೊರಗೆ ನಿಂತಿದ್ದ ಸ್ಟೀವ್ ಡಿಗಲ್‌ನನ್ನು ಬೀದಿಯಲ್ಲಿ ಗಿರಾಕಿ ಕರೆಯುತ್ತಿದ್ದ ಮೆಕ್‌ಲಾರೆನ್ನನೇ ಒಳಗೆ ಕರೆತಂದನೆಂದೂ, ಬಜ್‌ಕಾಕ್ಸ್‌ಗೆ ಬ್ಯಾಸ್ ವಾದಕ ಸಿಕ್ಕಿದ್ದು ಹೀಗೆಂದೂ ಪ್ರತೀತಿ. ಸಭಿಕರಲ್ಲಿದ್ದ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್, ಇಷ್ಟು ಮಾತ್ರದ ವಾದನ ತಮಗೂ ಸಾಧ್ಯವೆಂದು ತೀರ್ಮಾನಿಸಿ ಕಟ್ಟಿದ ತಂಡವೇ ಮುಂದೆ ಜಾಯ್ ಡಿವಿಷನ್ ಆಯಿತು. ಹುಕ್ ಮರುದಿನವೇ ಬ್ಯಾಸ್ ಗಿಟಾರು ಕೊಂಡನು. ಅಂದು ತಾವೂ ಅಲ್ಲಿದ್ದೆವೆನ್ನುವವರ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆದು, ಡೇವಿಡ್ ನೋಲನ್ ಈ ಕಾರ್ಯಕ್ರಮದ ಬಗ್ಗೆ ಬರೆದ ಪುಸ್ತಕಕ್ಕೆ 'ಆಣೆಗೂ ನಾನಲ್ಲಿದ್ದೆ' ಎಂಬರ್ಥದ ಹೆಸರನ್ನೇ ಇಟ್ಟಿದ್ದಾನೆ.

ಜುಲೈ 20ರಂದು ಅದೇ ಸಭಾಂಗಣಕ್ಕೆ ಪಿಸ್ಟಲ್ಸ್ ಮರಳಿದಾಗ ಬಜ್‌ಕಾಕ್ಸ್ ಅಣಿಯಾಗಿತ್ತು. ನಗರದ ಇನ್ನೊಂದು ತಂಡವಾದ ಸ್ಲಾಟರ್ ಅಂಡ್ ದ ಡಾಗ್ಸ್ ಕೂಡ ನುಡಿಸಿತು. ಸಭಾಂಗಣ ಹಿಡಿಯಲು, ಟಿಕೆಟು ಮಾರಲು ಯಾರ ಅಪ್ಪಣೆಯೂ ಬೇಡವೆಂದು ಕಂಡುಕೊಂಡವರಿಗೆ ಧ್ವನಿಮುದ್ರಿಕೆ ಹೊರತರಲೂ ಕಂಪನಿಯ ಹಂಗು ಬೇಕೆನಿಸದಿದ್ದುದು ಸಹಜವೇ. ಶೆಲ್ಲಿಯ ತಂದೆಯೂ ಸೇರಿದಂತೆ ಆಪ್ತರಿಂದ ಸುಮಾರು 500 ಪೌಂಡು ಸಾಲ ಎತ್ತಿ, ಡಿಸೆಂಬರ್ 28ರಂದು ಮುದ್ರಿಸಿದ ನಾಲ್ಕು ಹಾಡುಗಳ 'ಸ್ಪೈರಲ್ ಸ್ಕ್ರ್ಯಾಚ್' ಅನ್ನು 1977ರ ಜನವರಿಯಲ್ಲಿ ನ್ಯೂ ಹಾರ್ಮೋನ್ಸ್ ಎಂಬ ಸ್ವಂತ ಲಾಂಛನದಡಿ ಬಿಡುಗಡೆ ಮಾಡಿದರು. ಮೊದಲು ಒತ್ತಿಸಿದ ಸಾವಿರ ಪ್ರತಿಗಳು ಬೇಗನೆ ಖರ್ಚಾಗಿ, ಮತ್ತೆ ಮತ್ತೆ ಒತ್ತಿಸಬೇಕಾಯಿತು.

ಫ್ರೀ ಟ್ರೇಡ್ ಹಾಲ್‌ನ ಹಳೆಯ ಮುಂಭಾಗವನ್ನು ಉಳಿಸಿಕೊಂಡು ಅಲ್ಲೀಗ ಹೋಟೆಲೊಂದು ನಡೆಯುತ್ತಿದೆ.