ತಲೆದಿಂಬಿಗೆ ನೀರೋ, ಬಿಸಿಲೋ?

ರೋಹಿಣಿ ಮಳೆ ಮುಗಿದು ಮೃಗಶಿರಾ ಹಿಡಿಯುವುದು ಜೂನ್ 8ರ ಸುಮಾರಿಗೆ. ಅದಕ್ಕೆ ಮುಂಚಿನ ಹದಿನೈದು ದಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಬಿಸಿಲಿಗೆ ಎಲ್ಲಿಲ್ಲದ ಬೆಲೆ. ಹೆಗಡೆಕಟ್ಟಾದಂಥ ಅಡಿಕೆ ತೋಟದ ಊರುಗಳಲ್ಲಿ ಅಂಗಳದ ಒಂದು ಬದಿಗೆ ಹಪ್ಪಳ, ಸಂಡಿಗೆ, ಮುರುಗಲ ಸಿಪ್ಪೆ ಹರಡಿದ್ದರೆ, ಇನ್ನೊಂದು ಬದಿಗೆ ಕಂಬಳಿ, ಹಾಸಿಗೆ, ತಲೆದಿಂಬುಗಳ ಸಾಲು. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುವ ಈ ನಾಡಿನಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಮಳೆ ಹಿಡಿದ ಮೇಲೆ ಹಾಸಿಗೆಯನ್ನು ಹೊರಗೆ ಹಾಕುವ ಮಾತೇ ಇಲ್ಲ.

ಈ ಸಾಲಿನಲ್ಲಿ ದಿಂಬಿಗೊಂದು ವಿಶೇಷವಿದೆ. ಗವಸನ್ನು ಒಗೆಯುತ್ತಾರೆ, ಹೊದಿಕೆಯನ್ನು ಒಗೆಯುತ್ತಾರೆ. ದಿಂಬನ್ನು ಮಾತ್ರ ಒಗೆಯುವ ರೂಢಿ ಇರಲಿಲ್ಲ. ಇದು ಸೋಮಾರಿತನವೇ, ಅಥವಾ ಅದರ ಹಿಂದೆ ಏನಾದರೂ ತಿಳಿವಳಿಕೆ ಇತ್ತೇ?

ಒಗೆಯುವ ಪ್ರಶ್ನೆಯೇ ಹುಟ್ಟದ ದಿಂಬುಗಳೂ ಜಗತ್ತಿನಲ್ಲಿ ಇದ್ದವು. ಪ್ರಾಚೀನ ಈಜಿಪ್ಟಿನವರು ಮರದ, ಕಲ್ಲಿನ ತಲೆಯಾಸರೆಗಳನ್ನು ಬಳಸುತ್ತಿದ್ದರು. ಚೀನೀಯರು ಟಾಂಗ್ ಮತ್ತು ಸಾಂಗ್ ಅರಸರ ಕಾಲದಲ್ಲಿ ಪಿಂಗಾಣಿ ದಿಂಬಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ನಮ್ಮ ಮಲೆನಾಡಿನ ಹಿರಿಯರು ಮಧ್ಯಾಹ್ನದ ನಿದ್ದೆಗೆ ಮರದ ಮಣೆಯನ್ನೇ ತಲೆಯಡಿಗೆ ಎಳೆದುಕೊಂಡದ್ದುಂಟು. ಒದ್ದೆ ಬಟ್ಟೆಯಿಂದ ಒರೆಸಿದರೆ ಇವು ಶುದ್ಧ. ತೊಡಕು ಶುರುವಾದದ್ದು ಮೆತ್ತನೆಯ ದಿಂಬು ಬಂದ ಮೇಲೆ. ಮೆತ್ತಗಿರುವುದೆಲ್ಲ ಬೆವರನ್ನೂ ಎಣ್ಣೆಯನ್ನೂ ದೂಳನ್ನೂ ಒಳಗೆ ಎಳೆದುಕೊಳ್ಳುತ್ತದೆ.

ಈ ಸೀಮೆಯ ಮೆತ್ತನೆಯ ದಿಂಬಿಗೆ ಹೂರಣ ಬೂರುಗದ ಅರಳೆ. ಸಂಸ್ಕೃತದಲ್ಲಿ ಈ ಮರಕ್ಕೆ ಶಾಲ್ಮಲಿ ಎಂದು ಹೆಸರು. ಶಿರಸಿಯ ಬಳಿ ಸಹಸ್ರಲಿಂಗದ ಕಲ್ಲುಗಳ ನಡುವೆ ಹರಿಯುವ ಹೊಳೆ ಶಾಲ್ಮಲಾ ಎಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು. ಚಳಿಗಾಲದ ಕೊನೆಗೆ ಎಲೆಯುದುರಿಸಿ ಮೈತುಂಬ ಕೆಂಪು ಹೂ ಬಿಡುವ ಈ ಮರದ ಕಾಯಿಗಳು ಬೇಸಿಗೆಯಲ್ಲಿ ಒಡೆದು ಅರಳೆ ಹಾರಾಡತೊಡಗುತ್ತದೆ. ಕಾಯಿ ಒಡೆಯುವ ಮೊದಲೇ ಕೊಯ್ದು ಒಣಗಿಸಿ, ಕೋಲಿನಿಂದ ಬಡಿದು ಬೀಜ ಬೇರ್ಪಡಿಸಿದರೆ ದಿಂಬಿಗೆ ಬೇಕಾದ ಅರಳೆ ಸಿದ್ಧ. ಬಯಲುಸೀಮೆಯಲ್ಲಿ ಗಿಡದ ಹತ್ತಿಯನ್ನು ಹದಮಾಡಲು ಪಿಂಜಾರರು ಬಿಲ್ಲು ಹಿಡಿದು ಬರಬೇಕಿತ್ತು. ಬೂರುಗಕ್ಕೆ ಅದರ ಅಗತ್ಯವಿಲ್ಲ.

ಬೂರುಗದ ಎಳೆ ನೋಡಲು ರೇಷ್ಮೆಯಂತೆ. ಒಳಗೆ ಟೊಳ್ಳು, ಹೊರಗೆ ತೆಳುವಾದ ಮೇಣದ ಲೇಪ. ಹೀಗಾಗಿ ಅದು ಬಲು ಹಗುರ, ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದರ ದಾಯಾದಿಯಾದ ಬಿಳಿ ಬೂರುಗದ ಅರಳೆಯನ್ನು ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗಳಲ್ಲಿ ತುಂಬುತ್ತಿದ್ದರು. 1942ರಲ್ಲಿ ಜಾವಾ ದ್ವೀಪ ಜಪಾನೀಯರ ವಶವಾಗಿ ಈ ಅರಳೆಯ ಸರಬರಾಜು ನಿಂತಾಗ, ಅಮೆರಿಕದ ಶಾಲಾ ಮಕ್ಕಳು ನಮ್ಮ ಎಕ್ಕದ ಜಾತಿಗೆ ಸೇರಿದ ಕಾಡುಗಿಡವೊಂದರ ಕಾಯಿಗಳನ್ನು ಚೀಲಗಟ್ಟಲೆ ಆರಿಸಿ ಕೊಟ್ಟಿದ್ದರು.

ನೀರಿನಲ್ಲಿ ತೇಲುವ ಅರಳೆಯನ್ನು ಒಗೆದರೇನು ತೊಂದರೆ ಎಂದು ಕೇಳಬಹುದು. ತೊಂದರೆ ಸಾಬೂನಿನದು. ಸಾಬೂನು ಬೆರೆತ ನೀರು ಮೇಣವನ್ನು ದಾಟಿ ಎಳೆಯನ್ನು ತೋಯಿಸುತ್ತದೆ. ತೆಳು ಗೋಡೆಯ ಟೊಳ್ಳು ಎಳೆಗಳು ಹಿಂಡಿದೊಡನೆ ಚಪ್ಪಟೆಯಾಗಿ, ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಆ ಗಂಟಿನ ನಡುವಿನ ನೀರು ದಿನಗಟ್ಟಲೆ ಆರುವುದಿಲ್ಲ. ಆರುವಷ್ಟರಲ್ಲಿ ಬೂಸ್ಟು ಹಿಡಿದಿರುತ್ತದೆ. ಆದ್ದರಿಂದಲೇ ದಿಂಬಿಗೆ ಬಿಸಿಲು, ಗವಸಿಗೆ ನೀರು ಎಂಬ ವಿಭಜನೆ.

ಬಿಸಿಲಿನ ಕೆಲಸವೇನೆಂಬುದು ಸ್ಪಷ್ಟವಾದದ್ದು ಈಚೆಗೆ. ಮನೆಯ ದೂಳಿನಿಂದ ಬರುವ ಉಬ್ಬಸಕ್ಕೆ ಮುಖ್ಯ ಕಾರಣ ಅದರಲ್ಲಿರುವ ನುಸಿ ಎಂದು ಹಾಲೆಂಡಿನ ಲೈಡನ್ ನಗರದ ವೂರ್‌ಹಾರ್ಸ್ಟ್ ಮತ್ತು ಅವರ ಸಂಗಡಿಗರು 1964ರಲ್ಲಿ ತೋರಿಸಿಕೊಟ್ಟರು. ಎಂಟು ಕಾಲಿನ ಈ ಜೀವಿಯ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಒಣಗಿ ಸಾಯುತ್ತದೆ. ಮಲೆನಾಡಿನ ಮಳೆಗಾಲ ಅದಕ್ಕೆ ಸುಗ್ಗಿ. 1994ರಲ್ಲಿ ಆಸ್ಟ್ರೇಲಿಯಾದ ಟೋವಿ ಮತ್ತು ವೂಲ್‌ಕಾಕ್ ಎಂಬ ಸಂಶೋಧಕರು ಜಮಖಾನೆಗಳನ್ನು ನೇರ ಬಿಸಿಲಿಗೆ ಹಾಕಿ, ಅದರಲ್ಲಿದ್ದ ನುಸಿಗಳೆಲ್ಲ ಸತ್ತದ್ದನ್ನು ಕಂಡರು. ಅಂಗಳದಲ್ಲಿ ದಿಂಬು ಹರಡಿದ ಅಜ್ಜಿಯರು ನುಸಿಯ ಹೆಸರು ಕೇಳದಿದ್ದರೂ ಅದರ ಮದ್ದನ್ನು ಅರಿತಿದ್ದರು.

ಹಾಗೆಂದು ಹಳೆಯ ಪದ್ಧತಿಯೇ ಪರಿಪೂರ್ಣ ಎನ್ನುವಂತಿಲ್ಲ. ಉಬ್ಬಸ ಕೆರಳಿಸುವುದು ನುಸಿಗಿಂತ ಹೆಚ್ಚಾಗಿ ಅದರ ಹಿಕ್ಕೆ. ಬಿಸಿಲು ನುಸಿಯನ್ನು ಕೊಲ್ಲಬಹುದು, ಹಿಕ್ಕೆಯನ್ನು ತೆಗೆಯಲಾರದು. ಅದಕ್ಕೆ ದಿಂಬನ್ನು ಮಗುಚಿ ಹಾಕಿ ಎರಡೂ ಮೈ ಕಾಯಿಸಿ, ಮನೆಯಿಂದ ದೂರ ಒಯ್ದು ಕೋಲಿನಿಂದ ಬಡಿಯಬೇಕು. ಈ ಕೆಲಸ ಉಬ್ಬಸವಿದ್ದವರಿಗೆ ಬೇಡ. ಬೇರೆಯವರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು.

ಈಗ ಪೇಟೆಯಿಂದ ಬಂದ ಫೈಬರ್ ದಿಂಬುಗಳು ಹಳ್ಳಿಯ ಅಟ್ಟವನ್ನೂ ಹೊಕ್ಕಿವೆ. ಇವುಗಳ ನಿಯಮ ಬೇರೆ. ಪಾಲಿಯೆಸ್ಟರ್ ಎಳೆ ನೀರು ಹೀರುವುದಿಲ್ಲವಾದ್ದರಿಂದ ಹೆಚ್ಚಿನವನ್ನು ಒಗೆಯಬಹುದು. 60 ಡಿಗ್ರಿ ಬಿಸಿನೀರು ನುಸಿಯನ್ನು ಕೊಲ್ಲುತ್ತದೆ, ಹಿಕ್ಕೆಯನ್ನೂ ತೊಳೆದು ಹಾಕುತ್ತದೆ. ಫೋಮ್ ದಿಂಬನ್ನು ಮಾತ್ರ ಹಿಂಡಬಾರದು, ಅದು ಹರಿದುಹೋಗುತ್ತದೆ. ಆದರೆ ಒಗೆಯಬಹುದು ಎಂಬ ಕಾರಣಕ್ಕೆ ಆಷಾಢದಲ್ಲಿ ಒಗೆಯಲು ಹೊರಟರೆ ಕೆಟ್ಟಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಳಸಿದ ಹತ್ತು ದಿಂಬುಗಳನ್ನು ಪರೀಕ್ಷಿಸಿದಾಗ ಒಂದೊಂದರಲ್ಲೂ 4ರಿಂದ 16 ಬಗೆಯ ಬೂಸ್ಟು ಸಿಕ್ಕಿತು. ಹಕ್ಕಿಗರಿಯ ದಿಂಬಿಗಿಂತ ಕೃತಕ ಎಳೆಯ ದಿಂಬಿನಲ್ಲೇ ಅದು ಹೆಚ್ಚು. ಒಣಹವೆಯ ದಿನಗಳೂ ಇರುವ ಊರಿನ ಕಥೆಯೇ ಹೀಗಾದರೆ ಮಲೆನಾಡಿನದನ್ನು ಊಹಿಸಬಹುದು. ಕೊಳೆಯಾದ ದಿಂಬಿಗಿಂತ ಅರೆ ಒಣಗಿದ ದಿಂಬು ಕೆಟ್ಟದ್ದು. ಒಗೆದ ದಿಂಬನ್ನು ನಡುವೆ ಹಿಚುಕಿ ನೋಡಿ, ಕೈಗೆ ತಂಪು ತಗುಲಿದರೆ ಇನ್ನೂ ಬಿಸಿಲು ಬೇಕೆಂದು ತಿಳಿಯಬೇಕು.

ಮಳೆಗಾಲದ ನಾಲ್ಕು ತಿಂಗಳು ದಿಂಬನ್ನು ಕಾಯುವುದು ಗವಸು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಗಲೀಫು ಎನ್ನುತ್ತಾರೆ. ಹೊದಿಕೆ ಎಂಬ ಅರ್ಥದ ಅರಬ್ಬಿ ಪದದಿಂದ ಬಂದ ಮಾತು. ಗವಸು ಒಂದು ಸಾಲದು, ಎರಡಿರಬೇಕು. ಒಳಗಿನದು ನುಸಿ ನುಸುಳದಂಥ ಒತ್ತು ನೇಯ್ಗೆಯದು. ಹೊರಗಿನದು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವಂಥದು. ತಲೆಗೆ ಎಣ್ಣೆ ಹಚ್ಚುವ ಮನೆಗಳಲ್ಲಿ ಗವಸಿನ ಜಿಡ್ಡು ಬಿಡಿಸಲು ಅಂಟುವಾಳದ ನೊರೆ ಇಂದಿಗೂ ಸಾಕು. ಗವಸನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಮಳೆಯಲ್ಲೂ ಒಣಗುತ್ತದೆ.

ಮದುವೆ, ಮುಂಜಿಗೆ ಬರುವ ನೆಂಟರಿಗಾಗಿ ಅಟ್ಟದಲ್ಲಿ ಪೇರಿಸಿಟ್ಟ ದಿಂಬುಗಳ ಕಡೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ತಿಂಗಳುಗಟ್ಟಲೆ ತೇವ ಕುಡಿದ ಅದೇ ದಿಂಬು ನೆಂಟರ ಮಗುವಿನ ಮೂಗಿನಡಿ ರಾತ್ರಿಯಿಡೀ ಇರುತ್ತದೆ. ಬೆಳಗ್ಗೆ ಆ ಮಗು ಸೀನುತ್ತ ಎದ್ದರೆ ಹವೆಯನ್ನು ದೂರುವುದು ವಾಡಿಕೆ. ದೂರುವ ಮೊದಲು ಆ ದಿಂಬು ಕಳೆದ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಕೇಳಿಕೊಳ್ಳುವುದು ಒಳ್ಳೆಯದು.