ಮೈಯ ಅಳತೆ, ಕೆಲಸದ ಅಳತೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮೈಸೂರು ಸುತ್ತಿನ ಈ ಸೀಮೆಯ ಯಾವ ಬಸ್ ನಿಲ್ದಾಣದಲ್ಲಾದರೂ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಿಂತು ನೋಡಿ. ಕರಿಕೋಟನ್ನು ಮಡಿಸಿ ತೋಳಿಗೆ ಹಾಕಿಕೊಂಡ ವಕೀಲರು, ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದ ಮೇಷ್ಟ್ರು, ಮೈಸೂರಿಗೆ ಇಂಟರ್‌ವ್ಯೂಗೆ ಹೊರಟ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಕಣ್ಣಿಗೆ ಬೀಳುತ್ತಾರೆ. ಇವರಲ್ಲಿ ಎಷ್ಟೋ ಮಂದಿಯ ಬಟ್ಟೆ ಸಿದ್ಧವಾಗಿರುವುದು ಪೇಟೆಬೀದಿಯ ಒಂದು ಮೆಷಿನ್, ಎರಡು ಮೆಷಿನ್ನಿನ ಟೈಲರ್ ಅಂಗಡಿಯಲ್ಲಿ. ಕಡಿಮೆ ದುಡ್ಡಿನಲ್ಲಿ ಒಬ್ಬ ಮನುಷ್ಯನನ್ನು ಅವನ ಕೆಲಸಕ್ಕೆ ತಕ್ಕಂತೆ ನಿಲ್ಲಿಸುವ ವಿದ್ಯೆ ಆ ಅಂಗಡಿಯಲ್ಲಿದೆ.

ನುರಿತ ಟೈಲರು ಟೇಪು ಹಿಡಿಯುವ ಮೊದಲೇ ಕೇಳುತ್ತಾರೆ: “ಎಲ್ಲಿಗೆ ಹಾಕ್ಕೊಳ್ಳೋಕಣ್ಣ?” ಕೇಳಿದವರಿಗೆ ಇದು ಬರಿ ಮಾತಿಗೆ ಕೇಳಿದ್ದು ಅನ್ನಿಸಬಹುದು, ಆದರೆ ಕತ್ತರಿ ಎಲ್ಲಿ ತಿರುಗಬೇಕೆಂಬುದು ಈ ಉತ್ತರದ ಮೇಲೆಯೇ ನಿಂತಿದೆ. ಮೇಷ್ಟ್ರು ದಿನವಿಡೀ ಬೋರ್ಡಿನ ಕಡೆಗೆ ಕೈ ಎತ್ತುತ್ತಾರೆ. ಬ್ಯಾಂಕಿನ ಗುಮಾಸ್ತರು ಕೂತೇ ಇರುತ್ತಾರೆ. ಊರೂರು ಸುತ್ತುವ ವಿಮಾ ಏಜೆಂಟರು ಬೈಕಿನ ಮೇಲೆ ಬೆನ್ನು ಬಾಗಿಸಿರುತ್ತಾರೆ. ಎದೆಯ ಸುತ್ತಳತೆ ಮೂವರದೂ ಒಂದೇ ಇದ್ದರೂ ಮೂವರ ಷರ್ಟು ಒಂದೇ ಅಲ್ಲ.

ಕೈ ಎತ್ತುವವರಿಗೆ ತೋಳು ಸೇರುವ ಜಾಗ, ಅಂದರೆ ಆರ್ಮ್‌ಹೋಲ್, ಸಡಿಲವಾಗಿರಬೇಕೆಂದು ನಾವು ಅಂದುಕೊಳ್ಳುತ್ತೇವೆ. ಆಗುವುದು ಅದರ ಉಲ್ಟಾ. ಆರ್ಮ್‌ಹೋಲ್ ಕೆಳಗಿಳಿದಷ್ಟೂ ತೋಳು ಪಕ್ಕೆಯ ಬಟ್ಟೆಗೆ ಅಂಟಿಕೊಂಡು, ಕೈ ಎತ್ತಿದಾಗ ಇಡೀ ಷರ್ಟನ್ನು ಮೇಲಕ್ಕೆಳೆಯುತ್ತದೆ. ಇನ್‌ಷರ್ಟ್ ಮಾಡಿದ್ದು ಈಚೆ ಬರುತ್ತದೆ. ಕಂಕುಳಿಗೆ ಹತ್ತಿರವಾಗಿ ಕತ್ತರಿಸಿದರೆ ತೋಳಷ್ಟೇ ಏಳುತ್ತದೆ, ಷರ್ಟು ಸೊಂಟದಲ್ಲಿಯೇ ಉಳಿಯುತ್ತದೆ. ಬೆನ್ನಿಗೆ ಹೆಗಲಪಟ್ಟಿಯ ಕೆಳಗೆ ಒಂದು ಪ್ಲೀಟ್ ಕೊಟ್ಟರೆ ಬೈಕಿನವರಿಗೆ ಬಾಗಲು ಆರಾಮ. ಕೂತು ಕೆಲಸ ಮಾಡುವವರ ಪ್ಯಾಂಟಿಗೆ ಸೀಟಿನ ಕಡೆ ಸ್ವಲ್ಪ ಉದ್ದ ಹೆಚ್ಚು ಬೇಕು; ಇಲ್ಲದಿದ್ದರೆ ಕೂತಾಗ ಸೊಂಟದ ಪಟ್ಟಿ ಹಿಂದೆ ಕೆಳಗೆ ಜಾರುತ್ತದೆ. ಇದರಲ್ಲಿ ಯಾವುದಕ್ಕೂ ಹೆಚ್ಚೇನೂ ಬಟ್ಟೆ ಬೇಕಿಲ್ಲ, ಎಲ್ಲಿ ಎಷ್ಟು ಎಂದು ತಿಳಿದಿರಬೇಕು ಅಷ್ಟೆ.

ಬಟ್ಟೆಯ ಲೆಕ್ಕ ಹೀಗೆ. ಐವತ್ತೆಂಟು ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ತುಂಬು ತೋಳಿನ ಷರ್ಟಿಗೆ ಸಾಮಾನ್ಯ ಮೈಕಟ್ಟಿನವರಿಗೆ 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್ ಸಾಕು. ಪನ್ನ ಮೂವತ್ತಾರು ಇಂಚಾದರೆ ಷರ್ಟಿಗೇ ಎರಡೂಕಾಲು ಮೀಟರಿಗೆ ಕಡಿಮೆಯಿಲ್ಲ. ಆದ್ದರಿಂದ ಮೀಟರಿನ ಬೆಲೆ ಕೇಳುವ ಮುಂಚೆ ಪನ್ನ ಕೇಳಬೇಕು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಸುಕ್ಕು ಹಾಗೇ ನಿಂತರೆ ದಿನಾ ಇಸ್ತ್ರಿ ಬೇಡುವ ಬಟ್ಟೆ ಅದು. ಪೂರಾ ಹತ್ತಿ ಮೈಗೆ ಹಿತ, ಇಸ್ತ್ರಿಯವನಿಗೆ ಇನ್ನೂ ಹಿತ. ಬಸ್ಸಿನಲ್ಲಿ ಒಂದು ಗಂಟೆ ನಿಂತು ಹೋಗುವವರಿಗೆ ಟೆರಿಕಾಟೇ ವಾಸಿ. ಹತ್ತಿಯದನ್ನೇ ಹೊಲಿಸುವುದಾದರೆ ಒಂದು ರಾತ್ರಿ ನೀರಿಗೆ ಹಾಕಿ ಒಣಗಿಸಿ ತರಲು ಟೈಲರು ಹೇಳುತ್ತಾರೆ. ಒಳಗೆ ಕೊಡುವ ಲೈನಿಂಗಿಗೂ ಅದೇ ಮಾತು. ನೀರು ಕಾಣದ ಲೈನಿಂಗು ಮೊದಲ ಒಗೆತಕ್ಕೇ ಕುಗ್ಗಿ ಹೊರಬಟ್ಟೆಯನ್ನು ಸುರುಟಿಸುತ್ತದೆ.

ಈ ಊರುಗಳಲ್ಲಿ ಟೈಲರಿಗೆ ದೊಡ್ಡ ಪರೀಕ್ಷೆ ವಕೀಲರ ಕೋಟು. ಭಾರತೀಯ ವಕೀಲರ ಪರಿಷತ್ತಿನ ನಿಯಮ ಕರಿಕೋಟು, ಬಿಳಿ ಷರ್ಟು, ಕೊರಳಿಗೆ ಬಿಳಿ ಬ್ಯಾಂಡ್ ಕೇಳುತ್ತದೆ. ಸುಪ್ರೀಂ ಕೋರ್ಟು, ಹೈಕೋರ್ಟುಗಳ ಹೊರಗೆ ಗೌನು ಕಡ್ಡಾಯವಲ್ಲ. ಉಳಿದ ಕೋರ್ಟುಗಳಲ್ಲಿ ಬೇಸಿಗೆಗೆ ಕೋಟೂ ಕಡ್ಡಾಯವಲ್ಲ. ಜೀನ್ಸ್ ಕೂಡದು, ಪಂಚೆ ಆಗಬಹುದು. ಅಂದರೆ ತಾಲ್ಲೂಕು ಕೋರ್ಟಿಗೆ ಹೊಸದಾಗಿ ಕಾಲಿಟ್ಟವರಿಗೆ ಒಂದು ಒಳ್ಳೆಯ ಕೋಟು, ಎರಡು ಮೂರು ಬಿಳಿ ಷರ್ಟು ಇದ್ದರೆ ವರ್ಷ ಕಳೆಯುತ್ತದೆ. ಕೋಟಿನ ಎದೆಯೊಳಗೆ ಕ್ಯಾನ್ವಾಸ್ ಇರುತ್ತದೆ. ಅದನ್ನು ಬಿಸಿಯಿಂದ ಅಂಟಿಸಿದ್ದರೆ, ಕೋಟನ್ನು ನೀರಿಗೆ ಹಾಕಿದ ಮೇಲೆ ಎದೆಯ ಮೇಲೆ ಬೊಬ್ಬೆ ಏಳಬಹುದು. ಕೋಟನ್ನು ಒಗೆಯಬಾರದು, ಗಾಳಿಗೆ ತೂಗುಹಾಕಿ ಬ್ರಷ್ ಎಳೆಯಬೇಕು ಎನ್ನುವುದು ಅದಕ್ಕೆ. ಸೆಖೆಯ ಊರಿಗೆ ಬೆನ್ನಿನ ಮೇಲರ್ಧಕ್ಕೆ ಮಾತ್ರ ಲೈನಿಂಗ್ ಕೊಡಿಸುವುದು ಜಾಣತನ.

ಕೋಟು ಈ ನಾಡಿಗೆ ಹೊಸದೂ ಅಲ್ಲ. ಮೈಸೂರು ಅರಮನೆಯ ದರ್ಬಾರಿಗೆ ಬಿಳಿ ಪ್ಯಾಂಟು, ಕರಿಯ ಉದ್ದ ಕೋಟು, ತಲೆಗೆ ಪೇಟ ಇರಲೇಬೇಕಿತ್ತು. ಹಳೆಯ ಕಾಲದ ಮೇಷ್ಟ್ರುಗಳು, ಶ್ಯಾನುಭೋಗರು ಕಚ್ಚೆಪಂಚೆಯ ಮೇಲೆ ಕೊರಳವರೆಗೆ ಗುಂಡಿ ಹಾಕುವ ಕೋಟು ತೊಟ್ಟರು. ಒಳಗಿನ ಷರ್ಟಿಗೆ ತೇಪೆ ಇದ್ದರೂ ಹೊರಗೆ ಗೌರವ ಕೆಡುತ್ತಿರಲಿಲ್ಲ. ಊರೂರಿನ ವೃತ್ತಗಳಲ್ಲಿ ಸೂಟು ತೊಟ್ಟು ನಿಂತಿರುವ ಅಂಬೇಡ್ಕರರ ಪ್ರತಿಮೆ ಹೇಳುವುದು ಬೇರೆ ಮಾತು. ಒಳ್ಳೆಯ ಬಟ್ಟೆ ತೊಡುವ ಹಕ್ಕನ್ನೇ ಯಾರಿಗೆ ಕೊಟ್ಟಿರಲಿಲ್ಲವೋ ಅವರ ಮನೆಯ ಮೊದಲ ಪದವೀಧರ ಹೊಲಿಸುವ ಕೋಟನ್ನು ಬರಿ ಷೋಕಿ ಎಂದು ತಳ್ಳಿಹಾಕಲಾಗದು.

ಹೆಂಗಸರ ಕೆಲಸದ ಉಡುಪಿನಲ್ಲಿ ಟೈಲರಿನ ಕೈಚಳಕ ಕಾಣುವುದು ರವಿಕೆಯಲ್ಲಿ. ಗೌರಿಹಬ್ಬದ ಬಾಗಿನದಲ್ಲಿ, ಮದುವೆ ಮನೆಯಲ್ಲಿ ಬಂದ ರವಿಕೆ ಕಣಗಳು ಎಲ್ಲರ ಪೆಟ್ಟಿಗೆಯಲ್ಲೂ ಇರುತ್ತವೆ. ಕಪ್ಪು, ಬಿಳಿ, ಕಂದು ಆರಿಸಿ ಹೊಲಿಸಿಕೊಂಡರೆ ಮೂರೇ ರವಿಕೆ ಹತ್ತು ಸೀರೆಗೆ ಹೊಂದುತ್ತವೆ. ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಗೆ ತೋಳು ಮೊಣಕೈಯವರೆಗೆ, ಕೊರಳು ಮೇಲಕ್ಕೆ, ಹುಕ್ಕು ಮುಂದಕ್ಕೆ ಇದ್ದರೆ ಅನುಕೂಲ. ಸೀರೆಗೆ ಫಾಲ್ಸ್ ಹಾಕಿಸುವುದು ಅಂದಕ್ಕೆಂದು ತಿಳಿದವರುಂಟು. ಅದು ಅಂಚಿಗೆ ತೂಕ ಕೊಟ್ಟು ನೆರಿಗೆಯನ್ನು ಕೂರಿಸುತ್ತದೆ, ಕೆಸರಿನಲ್ಲಿ ಅಂಚು ಸವೆಯದಂತೆ ಕಾಯುತ್ತದೆ. ಹರಿದರೆ ಫಾಲ್ಸ್ ಬದಲಾಯಿಸಬಹುದು, ಸೀರೆ ಬದಲಾಯಿಸಬೇಕಿಲ್ಲ.

ಎಚ್.ಡಿ. ಕೋಟೆಗೆ ಬಂದರೆ ಬಣ್ಣದ ಲೆಕ್ಕವೇ ಬೇರೆ. ಅರಣ್ಯ ಸಿಬ್ಬಂದಿಗೆ ಖಾಕಿ. ಕಬಿನಿ ದಂಡೆಯ ರೆಸಾರ್ಟುಗಳ ಗೈಡುಗಳಿಗೂ ಸಫಾರಿ ಚಾಲಕರಿಗೂ ಕಾಡಿನಲ್ಲಿ ಎದ್ದು ಕಾಣದ ಮಣ್ಣು ಬಣ್ಣ, ಎಲೆ ಬಣ್ಣ. ಅಲ್ಲಿ ಬಿಳಿ ಷರ್ಟೇ ಅಪಶಕುನ. ಜೇಬಿಗೆ ಮುಚ್ಚಳ ಬೇಕು, ಮೊಣಕಾಲಿಗೆ ಎರಡು ಪದರ ಬೇಕು, ಹೊಲಿಗೆ ಎರಡು ಸಾಲು ಬೇಕು. ಇನ್ನು ಕಟ್ಟೆಮಳಲವಾಡಿ, ಕಂಪಲಾಪುರದ ತಂಬಾಕು ಹರಾಜು ಕಟ್ಟೆಗೆ ಬರುವ ರೈತರಲ್ಲಿ ಬಿಳಿ ಪಂಚೆ, ಬಿಳಿ ಷರ್ಟು ತೊಟ್ಟವರನ್ನು ಕಾಣಬಹುದು. ಬೇಲು ಎತ್ತಿಳಿಸುವ ಆಳಿಗೆ ಆ ಬಣ್ಣ ಒಗ್ಗದು. ತಂಬಾಕಿನ ಕಂದು ಕಲೆ ಒಂದೇ ದಿನಕ್ಕೆ ಹಿಡಿಯುತ್ತದೆ. ಒಂದೇ ಕಟ್ಟೆಯಲ್ಲಿ ಮಾರುವವನ ಉಡುಪು ಬೇರೆ, ಹೊರುವವನ ಉಡುಪು ಬೇರೆ ಎಂದು ಅಲ್ಲಿನ ಟೈಲರು ಬಲ್ಲರು. ಪಿರಿಯಾಪಟ್ಟಣದ ಕಡೆ ಬೆಳಗಿನ ಚಳಿಗೆ ಕೋಟಿನ ಬದಲು ಗಾಢ ಬಣ್ಣದ ತೋಳಿಲ್ಲದ ಸ್ವೆಟರೊಂದು ಸಾಕು. ಅದೇ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಲ್ಲಿ ನೆಲೆ ನಿಂತ ಟಿಬೆಟನ್ನರಿಗಂತೂ ಚಳಿಗಾಲದ ಸ್ವೆಟರ್ ವ್ಯಾಪಾರ ಪರಂಪರೆಯೇ ಆಗಿದೆ.

ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದ ಭಾಗ ಆಲ್ಟರ್ ಕೆಲಸ. ರೆಡಿಮೇಡಾಗಲಿ, ಅಣ್ಣನ ಹಳೆಯದಾಗಲಿ, ತೊಟ್ಟು ನೋಡುವಾಗ ಮೊದಲು ಹೆಗಲು ನೋಡಬೇಕು. ಹೆಗಲು ಕೂತರೆ ಮಿಕ್ಕದ್ದೆಲ್ಲ ಸರಿಹೋಗುತ್ತದೆ: ಪಕ್ಕೆ ಬಿಗಿಸಬಹುದು, ತೋಳು ಮೋಟು ಮಾಡಬಹುದು, ಸೊಂಟ ಬಿಚ್ಚಬಹುದು. ಹೆಗಲು ಕೂರದಿದ್ದರೆ ಪುಕ್ಕಟೆ ಸಿಕ್ಕರೂ ಬೇಡ, ಅದನ್ನು ಸರಿಪಡಿಸುವ ಕೂಲಿ ಹೊಸದರ ಹತ್ತಿರಕ್ಕೆ ಹೋಗುತ್ತದೆ. ಒಳ್ಳೆಯ ಟೈಲರು ಪ್ಯಾಂಟಿನ ಹಿಂಬದಿ ಹೊಲಿಗೆಯೊಳಗೆ ಎರಡೂ ಕಡೆ ಇಂಚಿನಷ್ಟು ಬಟ್ಟೆ ಬಿಟ್ಟಿರುತ್ತಾರೆ. ಮದುವೆಯಾದ ಮೇಲೆ ಮೈ ತುಂಬಿದರೂ ಪ್ಯಾಂಟು ಉಳಿಯುತ್ತದೆ. ರವಿಕೆಯ ಪಕ್ಕೆಯಲ್ಲೂ ಇದೇ ಮುಂದಾಲೋಚನೆ. ಸವೆದ ಕಾಲರನ್ನು ಬಿಚ್ಚಿ, ಮಗುಚಿ ಹೊಲಿದರೆ ಷರ್ಟಿಗೆ ಇನ್ನೊಂದು ವರ್ಷದ ಆಯಸ್ಸು. ಕಫ್ ಸವೆದ ತುಂಬು ತೋಳು ಅರ್ಧ ತೋಳಾಗುತ್ತದೆ. ಬಿಚ್ಚಿ ಹೊಲಿಯುವುದು ಹೊಸದಾಗಿ ಹೊಲಿಯುವುದಕ್ಕಿಂತ ಕಷ್ಟ, ಕೂಲಿ ಕಡಿಮೆ. ಆದರೂ ತಾಲ್ಲೂಕಿನ ಟೈಲರು ಇಲ್ಲವೆನ್ನುವುದು ಅಪರೂಪ. ಇಂಥ ಕಸುಬಿಗೆ ಸರ್ಕಾರದ ಆಸರೆಯೂ ಸ್ವಲ್ಪ ಇದೆ: 2023ರ ಸೆಪ್ಟೆಂಬರ್ 17ರಂದು ಶುರುವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಸಲಕರಣೆಗೆಂದು 15,000 ರೂಪಾಯಿವರೆಗೆ ನೆರವಿದೆ.

ಮೊದಲ ಕೆಲಸಕ್ಕೆ ಹೊರಟವರು ಇಷ್ಟು ಹೊಲಿಸಿಕೊಂಡರೆ ಸಾಕು: ಗಾಢ ನೀಲಿ ಇಲ್ಲವೇ ಬೂದು ಬಣ್ಣದ ಎರಡು ಪ್ಯಾಂಟು, ತಿಳಿಬಣ್ಣದ ಮೂರು ಷರ್ಟು. ಅದಲುಬದಲು ಮಾಡಿದರೆ ಆರು ಜೊತೆ, ಸೋಮವಾರದಿಂದ ಶನಿವಾರದವರೆಗೆ. ಹುಡುಗಿಯರಿಗೆ ಎರಡು ಪ್ಯಾಂಟು, ಮೂರು ಕುರ್ತಾ ಎಂದು ಇದೇ ಲೆಕ್ಕ. ಬೂಟು, ಬೆಲ್ಟು ಒಂದೇ ಬಣ್ಣ. ಶಾಲೆ ಶುರುವಾಗುವ ಜೂನ್ ಹೊತ್ತಿಗೆ, ಹಬ್ಬ, ಮದುವೆಗಳ ಮುಂಚೆ ಅಂಗಡಿಗೆ ಹೋದರೆ ಅವಸರದ ಹೊಲಿಗೆ ಸಿಗುತ್ತದೆ. ಸಂದರ್ಶನಕ್ಕೆ ಎರಡು ವಾರ ಮುಂಚೆಯೇ ಕೊಟ್ಟು, ತೊಟ್ಟು, ಕೂತು, ಕೈ ಎತ್ತಿ ನೋಡಿ ಬರಬೇಕು. ಚೌಕಾಸಿ ಮಾಡುವುದಿದ್ದರೆ ಬಟ್ಟೆ ಅಂಗಡಿಯಲ್ಲಿ ಮಾಡಿ, ಹೊಲಿಗೆ ಕೂಲಿಯಲ್ಲಿ ಬೇಡ. ಸಾಧಾರಣ ಬಟ್ಟೆಯನ್ನು ಒಳ್ಳೆಯ ಹೊಲಿಗೆ ಎತ್ತಿ ನಿಲ್ಲಿಸುತ್ತದೆ. ಕೆಟ್ಟ ಹೊಲಿಗೆಯನ್ನು ಎಷ್ಟು ದುಬಾರಿ ಬಟ್ಟೆಯೂ ಮುಚ್ಚಲಾರದು.