ಅರಿಷಿಣದ ಬಣ್ಣವೂ ಕೊಳ್ಳುವವರ ಹಠವೂ

ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಹೊಸ ಅರಿಷಿಣದ ರಾಶಿಗಳ ಮುಂದೆ ನಿಂತು ಸವಾಲು ಕೂಗುವ ವ್ಯಾಪಾರಿಯು ಕೊಂಬೊಂದನ್ನು ಕೈಗೆತ್ತಿಕೊಂಡು, ಅದನ್ನು ಫಕ್ಕನೆ ಮುರಿದು, ಒಳಗಣ ವರ್ಣವನ್ನೂ ಗಟ್ಟಿತನವನ್ನೂ ಗಂಧವನ್ನೂ ಪರೀಕ್ಷಿಸಿದ ಬಳಿಕವೇ ದರವನ್ನು ನುಡಿಯುತ್ತಾನೆ. ಅಲ್ಲಿಂದ ಎರಡು ಹರದಾರಿಯೂ ಇಲ್ಲದ ಮೀರಜಿನ ಕಿರಾಣಿ ಅಂಗಡಿಯಲ್ಲಾದರೋ, ಅದೇ ಅರಿಷಿಣದ ಪುಡಿಯನ್ನು ಕೊಳ್ಳಬಂದವರು ಮೂಸಿಯೂ ನೋಡದೆ, “ಇದು ಮಂಕಾಗೇದ್ರಿ, ಇನ್ನೂ ಹಳದಿ ಇದ್ದದ್ದು ಕೊಡ್ರಿ” ಎಂದು ಪೊಟ್ಟಣವನ್ನು ಹಿಂದಕ್ಕೆ ನೂಕುತ್ತಾರೆ. ಪುಡಿಯು ಎಷ್ಟು ಗಾಢವಾಗಿ ಹೊಳೆಯುವುದೋ ಅಷ್ಟರ ಮಟ್ಟಿಗೆ ಅದು ಶುದ್ಧವೆಂಬ ಈ ನಂಬಿಕೆಯು ಅರಿಷಿಣದ ಊರಿನಲ್ಲಿಯೇ ಇಷ್ಟು ಆಳವಾಗಿ ಬೇರೂರಿರುವುದನ್ನು ಕಂಡಾಗ ನನಗೆ ಸಹನೆ ಮೀರುತ್ತದೆ. ಸಾಂಗಲಿಯ ಅರಿಷಿಣಕ್ಕೆ ೨೦೧೮ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು ನಮಗೆ ಅಭಿಮಾನದ ಸಂಗತಿ. ಆದರೆ ಆ ಪದಾರ್ಥವನ್ನು ಗುರುತಿಸುವ ವಿವೇಕವನ್ನು ಯಾವ ಮಾನ್ಯತೆಯೂ ತಂದುಕೊಡಲಾರದು.

ಅರಿಷಿಣದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವು ನೂರು ಪಾಲಿನಲ್ಲಿ ಸಾಮಾನ್ಯವಾಗಿ ಎರಡರಿಂದ ಐದು ಪಾಲಿನಷ್ಟೇ ಇರುತ್ತದೆ. ಮೇಘಾಲಯದ ಲಕಾಡೊಂಗದಂಥ ಕೆಲವು ತಳಿಗಳಲ್ಲಿ ಏಳನ್ನು ಮುಟ್ಟುವುದುಂಟು. ತಳಿ, ಮಣ್ಣು, ಗಡ್ಡೆಯನ್ನು ಕುದಿಸಿದ ಹದ, ಒಣಗಿಸಿದ ಬಿಸಿಲು, ಬೀಸಿದ ನುಣುಪು—ಇವೆಲ್ಲವೂ ಸೇರಿ ಪುಡಿಯ ಬಣ್ಣವನ್ನು ನಿರ್ಧರಿಸುತ್ತವೆಯಾದ್ದರಿಂದ ಎರಡು ಊರಿನ, ಎರಡು ವರ್ಷದ, ಸಂಪೂರ್ಣ ಶುದ್ಧವಾದ ಅರಿಷಿಣಗಳು ಒಂದೇ ಬಣ್ಣದಲ್ಲಿ ಇರಬೇಕೆಂಬ ನಿಯಮವೇ ಇಲ್ಲ. ಮೇಲಾಗಿ ಈ ಬಣ್ಣವು ಬೆಳಕನ್ನು ತಾಳದು. ಬಟ್ಟೆಗೆ ಹತ್ತಿದ ಅರಿಷಿಣದ ಕಲೆಯನ್ನು ಬಿಸಿಲಿಗೆ ಹಾಕಿ ಮಾಯಿಸಿದ ಗೃಹಿಣಿಯು, ಅದೇ ಪುಡಿಯು ಕಿಟಕಿಯ ಬಳಿಯ ಗಾಜಿನ ಭರಣಿಯಲ್ಲಿ ತಿಂಗಳುಗಟ್ಟಲೆ ಕುಳಿತು ಪೇಲವವಾದಾಗ ಅಂಗಡಿಕಾರನನ್ನು ಏಕೆ ಶಪಿಸಬೇಕು? ಕೃಷ್ಣಾ-ವಾರಣಾ ಸಂಗಮದ ಹರಿಪುರದಲ್ಲಿ ನಮ್ಮ ಹಿರಿಯರು ಅರಿಷಿಣವನ್ನು ಹಗೇವಿನಂಥ ನೆಲದಡಿಯ ಪೇವುಗಳಲ್ಲಿ, ಬೆಳಕೂ ತೇವವೂ ಸೋಕದಂತೆ ಬಾಯಿ ಮುಚ್ಚಿ, ವರ್ಷಾನುಗಟ್ಟಲೆ ಕಾಪಾಡುತ್ತಿದ್ದರು. ೨೦೦೫ರ ಮಹಾಪೂರದಲ್ಲಿ ಆ ಪೇವುಗಳಲ್ಲಿ ಬಹಳಷ್ಟು ಹಾಳಾದವು. ಅವುಗಳೊಂದಿಗೆ ಆ ತಿಳಿವಳಿಕೆಯೂ ಹಾಳಾಗಬೇಕಾಗಿರಲಿಲ್ಲ.

ಇದು ಕೇವಲ ರುಚಿಭೇದದ ಮಾತಾಗಿದ್ದರೆ ನಾನು ಲೇಖನಿಯನ್ನು ಎತ್ತುತ್ತಿರಲಿಲ್ಲ. ಹೊಳಪನ್ನು ಬೇಡುವವರಿಗೆ ಹೊಳಪನ್ನೇ ಮಾರುವವರು ಹುಟ್ಟಿಕೊಳ್ಳುತ್ತಾರೆ. ಬಾಂಗ್ಲಾದೇಶದಲ್ಲಿ ೧೯೮೦ರ ದಶಕದ ಒಂದು ನೆರೆಯಲ್ಲಿ ನೆನೆದು ಮಂಕಾದ ಅರಿಷಿಣವನ್ನು ಗಿರಾಕಿಗಳು ಮುಟ್ಟದೆ ಹೋದಾಗ, ಅದಕ್ಕೆ ಬಣ್ಣ ಕಟ್ಟಲು ಪಾಲಿಶು ಮಾಡುವಲ್ಲಿಯೇ ಸೀಸದ ಕ್ರೋಮೇಟನ್ನು, ಅಂದರೆ ಪೇಂಟುಗಳಿಗೆ ಹಳದಿ ಕೊಡುವ ವಿಷವನ್ನು, ಸವರುವ ಪದ್ಧತಿ ಮೊದಲಾಯಿತೆಂದು ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಸೀಸವು ಶಿಶುಗಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುವ ದ್ರವ್ಯ. ಗರ್ಭಿಣಿಯರ ರಕ್ತದಲ್ಲಿ ಕಂಡ ಸೀಸದ ಜಾಡನ್ನು ಹಿಡಿದು ಹೊರಟವರು ಬಂದು ಮುಟ್ಟಿದ್ದು ಅಡುಗೆಮನೆಯ ಮಸಾಲೆಡಬ್ಬಿಯನ್ನು. ಸರಕಾರವು ಕಠಿಣವಾಗಿ ನಡೆದುಕೊಂಡ ಮೇಲೆ ಎರಡೇ ವರ್ಷಗಳಲ್ಲಿ ಆ ಕಲಬೆರಕೆಯು ಅಲ್ಲಿನ ಪೇಟೆಗಳಿಂದ ಬಹುಮಟ್ಟಿಗೆ ಮರೆಯಾಯಿತು. ನಮ್ಮ ದೇಶದ ಆಹಾರ ನಿಯಮವೂ ಅರಿಷಿಣದಲ್ಲಿ ಈ ಕ್ರೋಮೇಟು ಸರ್ವಥಾ ಇರಕೂಡದೆಂದು ವಿಧಿಸಿದೆ. ಆದರೆ ಮಂಕಾದ ಕೊಂಬನ್ನು ನಿರಾಕರಿಸುವ ಗಿರಾಕಿಯ ಕಣ್ಣಿಗೆ ಯಾವ ನಿಯಮವನ್ನು ವಿಧಿಸುವುದು?

ಇದಕ್ಕಿಂತಲೂ ವಿಸ್ಮಯಕರವಾದದ್ದು ಇತ್ತೀಚೆಗೆ ಕೈಯಿಂದ ಕೈಗೆ ಹರಿದಾಡುತ್ತಿರುವ ಇನ್ನೊಂದು ‘ಪರೀಕ್ಷೆ’. ಅರಿಷಿಣದ ಮೇಲೆ ಸಾಬೂನಿನ ನೀರು ಬಿದ್ದು ಕೆಂಪಾದರೆ ಅದರಲ್ಲಿ ರಾಸಾಯನಿಕ ಬಣ್ಣವಿದೆಯಂತೆ! ಶುಭಕಾರ್ಯಗಳಲ್ಲಿ ತಟ್ಟೆಯ ನೀರಿಗೆ ಅರಿಷಿಣ ಸುಣ್ಣಗಳನ್ನು ಕಲಸಿ, ಅದು ರಕ್ತವರ್ಣಕ್ಕೆ ತಿರುಗಿದ ಮೇಲೆ ಆರತಿಯೆತ್ತಿ ದೃಷ್ಟಿ ತೆಗೆಯುವ ಜನ ನಾವು; ಅರಿಷಿಣಕ್ಕೆ ಸುಣ್ಣವನ್ನು ಕೂಡಿಸಿಯೇ ಕುಂಕುಮವನ್ನು ಮಾಡಿಕೊಂಡು ಬಂದ ಮನೆತನಗಳವರು ನಾವು. ಕ್ಷಾರದ ಸಂಪರ್ಕದಲ್ಲಿ ಕೆಂಪಾಗುವುದು ಅರಿಷಿಣದ ಸಹಜ ಸ್ವಭಾವ. ಕಲಬೆರಕೆಗೆ ಬಳಸುವ ಮೆಟಾನಿಲ್ ಹಳದಿಯೆಂಬ ಕೃತಕ ವರ್ಣವು ಕೆಂಬಣ್ಣಕ್ಕೆ ತಿರುಗುವುದು ಪ್ರಬಲವಾದ ಆಮ್ಲದಲ್ಲಿ; ಅಂದರೆ ಸಾಬೂನಿಗೆ ತೀರ ವಿರುದ್ಧವಾದ ವಸ್ತುವಿನಲ್ಲಿ. ಅಜ್ಜಿಯ ಆರತಿತಟ್ಟೆಯಲ್ಲಿ ಕಣ್ಣಾರೆ ಕಂಡದ್ದನ್ನು ಮರೆತು, ಯಾರೋ ಕಳುಹಿಸಿದ ನಾಲ್ಕು ಸಾಲುಗಳನ್ನು ನಂಬಿ, ಒಳ್ಳೆಯ ಪುಡಿಯನ್ನು ಮೋರಿಗೆ ಚೆಲ್ಲಿದವರನ್ನು ನಾನು ಬಲ್ಲೆ.

ಅರಿಷಿಣ ಹಾಕಿದ ಹಾಲು ಸಕಲರೋಗಗಳನ್ನೂ ನೀಗುತ್ತದೆಂಬ ಮಾತಿಗೆ ಹೆಚ್ಚಿನ ಜಾಗ ಬೇಕಿಲ್ಲ. ಮೆಣಸಿನ ಸತ್ತ್ವವು ಕರ್ಕ್ಯುಮಿನ್ ದೇಹಗತವಾಗುವುದನ್ನು ಇಪ್ಪತ್ತು ಪಟ್ಟು ಹೆಚ್ಚಿಸುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ೧೯೯೮ರಲ್ಲಿ ತೋರಿಸಿದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಅಲ್ಲಿ ಕೊಟ್ಟದ್ದು ಎರಡು ಗ್ರಾಂ ಶುದ್ಧ ಕರ್ಕ್ಯುಮಿನ್, ಎಂದರೆ ಐವತ್ತು ಗ್ರಾಮಿಗೂ ಮಿಕ್ಕ ಪುಡಿಯ ಸಾರ, ಎಂಬುದನ್ನು ಯಾರೂ ಹೇಳುವುದಿಲ್ಲ.

ನಮ್ಮ ಜನ ಮೋಸಹೋಗುವುದು ಅಜ್ಞಾನದಿಂದಲ್ಲವೆಂಬುದೇ ನನ್ನನ್ನು ನೋಯಿಸುತ್ತದೆ. ಒಗ್ಗರಣೆಯ ಎಣ್ಣೆಗೆ ಅರಿಷಿಣವನ್ನು ಮೊದಲು ಹಾಕಿ ಚುರುಮುರಿಯನ್ನು ಆಮೇಲೆ ಸುರುವಿದರೆ ಮಾತ್ರ ಭಡಂಗಕ್ಕೆ ಸಮನಾದ ಬಣ್ಣ ಹತ್ತುವುದೆಂದೂ, ನೀರಿನಲ್ಲಿ ಕದಡಿದರೆ ಪುಡಿಯು ತಳಕ್ಕಿಳಿಯುವುದೆಂದೂ ಇಲ್ಲಿನ ಪ್ರತಿಯೊಬ್ಬ ತಾಯಿಗೂ ಗೊತ್ತು; ಈ ಬಣ್ಣವು ಎಣ್ಣೆಯಲ್ಲಿ ಕರಗುವಂಥದು, ನೀರಿನಲ್ಲಿ ಕರಗದು ಎಂಬ ಶಾಸ್ತ್ರವನ್ನು ಅವಳು ಪುಸ್ತಕವಿಲ್ಲದೆಯೇ ಕಲಿತಿದ್ದಾಳೆ. ಹೀಗೆ ಕೈಯಲ್ಲಿಯೇ ಪ್ರಮಾಣವಿರುವವರು ಅದನ್ನು ಬದಿಗೊತ್ತಿ, ಅಪರಿಚಿತರು ಆಡಿದ ಮಾತಿಗೆ ತಲೆಬಾಗುವುದು ಅರಿಷಿಣವೊಂದರಲ್ಲಿಯೇ ಅಲ್ಲ. ಬೆಲ್ಲ ಬೆಳ್ಳಗಿರಬೇಕು, ಬೇಳೆ ಮಿರುಗಬೇಕು, ಖಾರದಪುಡಿ ಬೆಂಕಿಯಂತಿರಬೇಕು ಎನ್ನುವಲ್ಲೆಲ್ಲ ಇದೇ ಕಥೆ.

ಪುಡಿಯ ಮೇಲೆ ವಿಶ್ವಾಸವಿಲ್ಲದವರು ಕೊಂಬನ್ನೇ ಕೊಂಡು ಗಿರಣಿಯಲ್ಲಿ ಬೀಸಿಸಲಿ. ಕೊಳ್ಳುವಾಗ ಒಂದನ್ನು ಮುರಿದು ನೋಡಲಿ: ಒಳಗೆ ಕಿತ್ತಳೆಯ ಛಾಯೆಯ ಹಳದಿಯಿದ್ದು, ಗಂಧವಿದ್ದು, ಹೊರಗೆ ತುಸು ಮಂಕಾಗಿದ್ದರೆ ನಿಶ್ಚಿಂತೆಯಿಂದ ತರಲಿ. ಹೊರಮೈಯ ಹಳದಿಯು ಬೆರಳಿಗೆ ದಟ್ಟವಾಗಿ ಮೆತ್ತಿಕೊಂಡು, ಒಳಗಿನದು ಅದಕ್ಕಿಂತ ಪೇಲವವಾಗಿ ಕಂಡರೆ, ಆ ಚೀಲವನ್ನು ಅಲ್ಲಿಯೇ ಬಿಟ್ಟು ಮುಂದಿನ ಅಂಗಡಿಗೆ ಹೋಗಲಿ.